ತೊಗರಿಯ ಹೊಲ ಮತ್ತು ತುಂಬಿಯ ಋಣ

ದಾಸೋಹದ ಪಂಕ್ತಿಯಲ್ಲಿ ಕುಳಿತವನ ಎಲೆಗೆ ಬೀಳುವ ತೊವ್ವೆಯು ಎಷ್ಟು ಜನರ ಕಾಯಕದ ಫಲವೆಂಬುದನ್ನು ನಾವು ಸಾಮಾನ್ಯವಾಗಿ ಎಣಿಸುವುದಿಲ್ಲ. ಉತ್ತವನು, ಬಿತ್ತಿದವನು, ಕಳೆ ಕಿತ್ತವಳು, ಬೇಳೆ ಒಡೆದವಳು ಇವರೆಲ್ಲರನ್ನು ಎಣಿಸಿದ ಮೇಲೂ ಎರಡು ಹೆಸರುಗಳು ಉಳಿಯುತ್ತವೆ: ಒಂದು ತುಂಬಿ, ಇನ್ನೊಂದು ಮಣ್ಣು. ಇವೆರಡರ ಋಣವನ್ನು ನಾವು ತೀರಿಸುತ್ತಿಲ್ಲವೆಂಬುದೇ ನನ್ನ ಆಕ್ಷೇಪ.

ನಮ್ಮ ಸಾಹಿತ್ಯದಲ್ಲಿ ತುಂಬಿಗೆ ಬರವಿಲ್ಲ. ಅಮರಕೋಶವು ಅದಕ್ಕೆ ಮಧುವ್ರತ, ಮಧುಕರ, ದ್ವಿರೇಫ, ಷಟ್ಪದ ಮೊದಲಾದ ನಾಮಗಳನ್ನು ಕೊಟ್ಟಿದೆ. ಆದಿಕವಿ ಪಂಪನು ಬನವಾಸಿಯ ನಂದನದಲ್ಲಿ ಮರಿದುಂಬಿಯಾಗಿಯಾದರೂ ಹುಟ್ಟಲು ಹಂಬಲಿಸಿದನು; ಅಕ್ಕಮಹಾದೇವಿಯು ಚೆನ್ನಮಲ್ಲಿಕಾರ್ಜುನನ ಸುಳಿವನ್ನು ತುಂಬಿಗಳ ಹಿಂಡಿನಲ್ಲಿಯೂ ಕೇಳಿದಳು. ಆದರೆ ಕವಿಸಮಯದ ತುಂಬಿ ಹೂವಿನಿಂದ ಪಡೆಯುವುದೇ ಹೆಚ್ಚು. ಹೂವಿಗೆ ಅದು ಮರಳಿ ಕೊಡುವುದೇನೆಂಬುದನ್ನು ವಿಶದವಾಗಿ ನಿರೂಪಿಸಿದವನು ಜರ್ಮನಿಯ ಶಾಲೆಯೊಂದರ ಮುಖ್ಯಾಧ್ಯಾಪಕನಾಗಿದ್ದ ಸ್ಪ್ರೆಂಗೆಲ್. ಅವನ ಗ್ರಂಥ 1793ರಲ್ಲಿ ಪ್ರಕಟವಾಯಿತು. ಈ ಶೋಧವು ಒಬ್ಬ ಅಧ್ಯಾಪಕನದೆಂಬುದು ನಮ್ಮ ವೃತ್ತಿಬಾಂಧವರಿಗೆ ಅಭಿಮಾನದ ವಿಷಯವಾಗಬೇಕು.

ತೊಗರಿಯ ಹೂವನ್ನು ಬಿಡಿಸಿ ನೋಡಿರಿ. ಪತಾಕೆಯಂತೆ ನಿಂತ ದಳವೊಂದು, ರೆಕ್ಕೆಗಳಂತಿರುವವು ಎರಡು, ದೋಣಿಯಂತೆ ಕೂಡಿಕೊಂಡವು ಎರಡು. ದೋಣಿಯೊಳಗೆ ಹತ್ತು ಕೇಸರಗಳು. ಅವುಗಳಲ್ಲಿ ಒಂಬತ್ತು ಬೆಸೆದುಕೊಂಡಿವೆ, ಒಂದು ಬಿಡಿಯಾಗಿದೆ. ದುಂಬಿಯೋ ಹೆಜ್ಜೇನೋ ಬಂದು ಕುಳಿತೊಡನೆ ಅದರ ಭಾರಕ್ಕೆ ದೋಣಿ ತಗ್ಗಿ, ಪರಾಗವು ಕೀಟದ ಒಡಲಿಗೆ ಅಂಟುತ್ತದೆ. ತೊಗರಿಯು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದೆಂಬುದು ನಿಜ. ಆದರೆ ಅನ್ಯ ಗಿಡದ ಪರಾಗವನ್ನು ತಂದುಕೊಡುವುದು ಕೀಟವೇ ಹೊರತು ಗಾಳಿಯಲ್ಲ. ಈ ಗುಣವನ್ನು ಆಧರಿಸಿಯೇ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ತೊಗರಿಯ ಸಂಕರ ತಳಿಗಳನ್ನು ರೂಪಿಸಿದರು; ಮೊದಲನೆಯದು 1991ರಲ್ಲಿ ಬಿಡುಗಡೆಯಾಯಿತು. ಇದೇ ಗುಣದಿಂದ, ರೈತನು ಕಾಯ್ದಿಟ್ಟ ಬೀಜವು ನೆರೆಹೊಲದ ತಳಿಯೊಡನೆ ಬೆರೆತುಹೋಗುವುದೂ ಉಂಟು. ತುಂಬಿಯ ನಡೆಯನ್ನು ಅರಿತವನೇ ಬೀಜವನ್ನೂ ಕಾಯಬಲ್ಲನು. ಸೂರ್ಯಕಾಂತಿಯಲ್ಲಂತೂ ಜೇನು ಬಾರದಿದ್ದರೆ ಜೊಳ್ಳೇ ಹೆಚ್ಚು.

ಇನ್ನು ಮಣ್ಣಿನ ಮಾತು. ದ್ವಿದಳ ಸಸ್ಯಗಳ ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವು ಗಿಡಕ್ಕೆ ಒದಗುವುದೆಂದು ಹೆಲ್‌ರೀಗೆಲ್ 1886ರಲ್ಲಿ ತೋರಿಸಿದನು. ಅದಕ್ಕೆ ಬಹು ಹಿಂದಿನಿಂದಲೂ ನಮ್ಮ ಹಿರಿಯರು ಜೋಳದ ನಡುವೆ ತೊಗರಿಯನ್ನೂ ರಾಗಿಯ ನಡುವೆ ಅವರೆಯನ್ನೂ ಅಕ್ಕಡಿಯಾಗಿ ಬಿತ್ತುತ್ತಿದ್ದರು. ಯುರೋಪಿನ ರೈತರು ಗೋಧಿಯ ಬೆಳೆಗಳ ನಡುವೆ ಅವರೆಯ ಬಳಗದ ಒಂದು ಕಾಳನ್ನು ಬೆಳೆದು ನೆಲಕ್ಕೆ ವಿರಾಮ ಕೊಡುವುದೂ ಇದೇ ತತ್ತ್ವದಿಂದ. ಆದರೆ ವಿರಾಮಕ್ಕೆಂದು ಬಂದ ಬೆಳೆಯನ್ನೇ ವರ್ಷವರ್ಷವೂ ಬಿತ್ತಿದರೆ ನೆಲಕ್ಕೆ ವಿರಾಮವೆಲ್ಲಿಯದು? ಔಷಧವನ್ನೇ ನಿತ್ಯದ ಊಟವಾಗಿಸಿಕೊಂಡಂತೆ ಆಗಲಿಲ್ಲವೆ? ತೊಗರಿಯ ಕಣಜವೆನಿಸಿದ ಕಲಬುರಗಿಯ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. 2022ರಲ್ಲಿ ಅದೇ ಸೀಮೆಯ ಹೊಲಗಳಲ್ಲಿ ತೊಗರಿಯು ನೆಟೆರೋಗ ತಗಲಿ ನಿಂತಲ್ಲಿಯೇ ಒಣಗಿತು. ಈ ರೋಗದ ಶಿಲೀಂಧ್ರವು ಮಣ್ಣಿನಲ್ಲಿಯೂ ಹಳೆಯ ಕೂಳೆಯಲ್ಲಿಯೂ ವರ್ಷಗಟ್ಟಲೆ ಉಳಿಯುತ್ತದೆ. ಜೋಳವನ್ನು ಸರದಿಯಾಗಿ ಅಥವಾ ಮಿಶ್ರವಾಗಿ ಬೆಳೆದಲ್ಲಿ ಅದರ ಉಪದ್ರವ ತಗ್ಗುವುದು.

ಆದುದರಿಂದ ರೈತನನ್ನು ದೂರೋಣವೆ? ಅದು ಸುಲಭ, ಆದರೆ ನ್ಯಾಯವಲ್ಲ. ತೊಗರಿಯು ನಗದು ತರುವ ಬೆಳೆ. ಜೋಳದ ಕೊಯ್ಲಿಗೆ ಆಳು ದೊರೆಯರು, ದರವೂ ನೆಚ್ಚುವಂತಹುದಲ್ಲ. ಕಾಯಿಕೊರಕವು ಹೂವಿನ ಕಾಲಕ್ಕೇ ಮುತ್ತುವುದರಿಂದ ಔಷಧ ಸಿಂಪಡಿಸದೆ ಇರೆಂದು ಹೇಳುವ ಅಧಿಕಾರ ಸಾಲದ ಭಾರ ಹೊರದವನಿಗಿಲ್ಲ. ಆದರೆ ಹುಳುವನ್ನು ಕಣ್ಣಾರೆ ಕಂಡ ಮೇಲೆಯೇ ಸಿಂಪಡಿಸುವುದು, ಜೇನು ಗೂಡಿಗೆ ಮರಳಿದ ಸಂಜೆಯ ಹೊತ್ತನ್ನು ಆರಿಸುವುದು, ಬದುವಿನ ಹೊಂಗೆ ಬೇವುಗಳನ್ನು ಕಡಿಯದಿರುವುದು, ಪ್ರತಿವರ್ಷ ಹೊಲದ ಒಂದು ಪಾಲನ್ನಾದರೂ ಸರದಿಯಂತೆ ಜೋಳಕ್ಕೆ ಬಿಡುವುದು ಇವು ಸಾಧ್ಯವಾದ ಮಾತುಗಳು. 1990ರ ದಶಕದ ಆದಿಯಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗದಿಂದ ನಮ್ಮ ನಾಡಿನ ತುಡುವೆ ಜೇನಿನ ಅಸಂಖ್ಯ ಕುಟುಂಬಗಳು ನಾಶವಾದವು. ರೋಗದ ಮುಂದೆ ಮನುಷ್ಯನು ಅಸಹಾಯಕನಾಗಿರಬಹುದು. ವಿಷದ ವಿಷಯದಲ್ಲಿ ಹಾಗಲ್ಲ, ಸಿಂಪಡಿಸುವ ಕೈ ನಮ್ಮದೇ.

ಈ ಸಂಚಿಕೆಯ ವಾಚಕರಲ್ಲಿ ಅಧ್ಯಾಪಕರಿದ್ದಾರೆ, ಭೂಮಿಯುಳ್ಳ ಹಳೆಯ ವಿದ್ಯಾರ್ಥಿಗಳಿದ್ದಾರೆ, ಉದಾರಿಗಳಾದ ದಾನಿಗಳಿದ್ದಾರೆ. ಅಧ್ಯಾಪಕರು ತೊಗರಿ ಹೂವಾಡುವ ದಿನಗಳಲ್ಲಿ ಮಕ್ಕಳನ್ನು ಒಂದು ಬೆಳಗು ಹೊಲಕ್ಕೆ ಕರೆದೊಯ್ಯಲಿ. ಪಂಪನ ಪದ್ಯದ ಪಾಠವೂ ಸಸ್ಯಶಾಸ್ತ್ರದ ಪಾಠವೂ ಅಲ್ಲಿ ಒಂದಾಗುವುವು. ಭೂಮಿಯುಳ್ಳವರು ಸರದಿಯನ್ನು ತಮ್ಮ ಹೊಲದಿಂದಲೇ ಆರಂಭಿಸಲಿ. ದಾನಿಗಳು ದಾಸೋಹಕ್ಕೆ ತೊಗರಿಯ ಚೀಲವನ್ನಷ್ಟೇ ಅಲ್ಲ, ಸರದಿಯಲ್ಲಿ ಬೆಳೆದ ಜೋಳದ ಚೀಲವನ್ನೂ ಸಲ್ಲಿಸಲಿ. ಜೋಳಕ್ಕೆ ಕೊಳ್ಳುವವರು ಇದ್ದರೆ ಮಾತ್ರ ಅದನ್ನು ಬಿತ್ತುವವರು ಉಳಿದಾರು; ಜೋಳ ಉಳಿದರೆ ತೊಗರಿಯೂ ಉಳಿದೀತು.