ಹೋಮ್‌ಸ್ಟೇ ಅಂದ್ರೆ ಯಾರ ಮನೆ?



ಹೋದ ತಿಂಗಳು ನಮ್ಮ ಹುಡುಗರು ಎಂಟು ಜನ ಎಚ್.ಡಿ.ಕೋಟೆ ಕಡೆ ಹಾಡಿಗಳಲ್ಲಿ ಎರಡು ದಿನದ ಕೆಲಸ ಅಂತ ಹೊರಟಿದ್ರು. ಕಬಿನಿ ಹಿನ್ನೀರಿನ ಹತ್ತಿರದ ಒಂದು ಹೋಮ್‌ಸ್ಟೇಗೆ ಮಿರ್ಲೆಯಿಂದ ನಾನೇ ಫೋನ್ ಮಾಡಿದೆ. ಎರಡು ರೂಮು ಖಾಲಿ ಇದೆ ಅಂದ್ರು, ರೇಟೂ ಹೇಳಿದ್ರು. ಊಟದ ವಿಷಯ ಮಾತಾಡ್ತಾ ಮಾತಾಡ್ತಾ "ತಾವು ಯಾವ ಜನ ಸ್ವಾಮಿ?" ಅಂದ್ರು. ಹೇಳಿದೆ. ಹತ್ತು ನಿಮಿಷ ಬಿಟ್ಟು ಅವರೇ ಫೋನ್ ಮಾಡಿ "ಓನರ್ ಮನೆಯವ್ರು ಬರ್ತಾವ್ರೆ, ರೂಮಿಲ್ಲ" ಅಂದ್ರು. ಹುಡುಗರು ಗೊತ್ತಿದ್ದವರ ಮನೆ ಜಗಲಿ ಮೇಲೆ ಮಲಗಿ ಬಂದ್ರು. ಆಮೇಲೆ ವಿಚಾರಿಸಿದ್ರೆ ಆ ಓನರ್ ಇರೋದು ಬೆಂಗಳೂರಲ್ಲಿ. ವರ್ಷಕ್ಕೆ ಎರಡು ಸಲ ಬಂದ್ರೆ ಹೆಚ್ಚಂತೆ.

1917ರಲ್ಲಿ ಬಾಬಾಸಾಹೇಬರು ಬರೋಡಾದಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಪಾರ್ಸಿಗಳ ವಸತಿಗೃಹದಲ್ಲಿದ್ರು. ಗೊತ್ತಾದ ಕೂಡಲೇ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದ್ರು. ನಮ್ಮ ಹುಡುಗರ ಮುಂದೆ ಯಾರೂ ದೊಣ್ಣೆ ಹಿಡಿದು ನಿಂತಿರಲಿಲ್ಲ. ಫೋನಲ್ಲೇ ಕೆಲಸ ಮುಗೀತು.

ಈಗ ನಿಯಮದ ಮಾತಿಗೆ ಬರೋಣ. ಪ್ರವಾಸೋದ್ಯಮ ಇಲಾಖೆ ಲೆಕ್ಕದಲ್ಲಿ ಹೋಮ್‌ಸ್ಟೇ ಅಂದ್ರೆ ಮಾಲೀಕರ ಕುಟುಂಬ ಅಲ್ಲೇ ವಾಸ ಇರಬೇಕು, ಬಾಡಿಗೆ ಕೊಠಡಿ ಐದಕ್ಕಿಂತ ಹೆಚ್ಚಿರಬಾರದು. ಒಳ್ಳೇ ನಿಯಮಾನೇ. ಹಳ್ಳಿಯ ಸಣ್ಣ ರೈತನ ಮನೆಗೆ ನಾಲ್ಕು ಕಾಸು ಬರಲಿ ಅನ್ನೋದು ಅದರ ಉದ್ದೇಶ. ಆಗ್ತಿರೋದೇನು? ಮನೆಯೇ ಇಲ್ಲದವರು ಈಜುಕೊಳ ಕಟ್ಟಿಸಿ, ಅಡುಗೆಗೆ ಒಬ್ಬ, ಕಾವಲಿಗೆ ಒಬ್ಬನನ್ನ ಇಟ್ಟು, ಬೋರ್ಡಿಗೆ ಹೋಮ್‌ಸ್ಟೇ ಅಂತ ಬರೆಸ್ತಾರೆ. ಕಂದಾಯ, ಕರೆಂಟು ಬಿಲ್ಲಿನ ಮಾತು ಬಂದ್ರೆ "ಇದು ಮನೆ ಕಣ್ರೀ". ಜಾತಿ ಕೇಳೋವಾಗಲೂ "ಇದು ಮನೆ ಕಣ್ರೀ". ದುಡ್ಡು ಎಣಿಸೋವಾಗ ಮಾತ್ರ ಹೋಟ್ಲು.

ಕಾನೂನು ಅಷ್ಟು ಪೆದ್ದಲ್ಲ. ಸಂವಿಧಾನದ 15(2)ನೇ ವಿಧಿ ಹೋಟೆಲಿಗೆ ಹೋಗೋ ಹಕ್ಕನ್ನ ಜಾತಿ ನೋಡಿ ತಡೀಬಾರದು ಅಂತದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಹೋಟೆಲ್ ಅನ್ನೋ ಪದದೊಳಗೆ ಊಟ-ವಸತಿ ಮನೆ, ತಂಗುವ ಮನೆ ಎಲ್ಲಾ ಸೇರ್ತವೆ. ದುಡ್ಡು ತಗೊಂಡು ಮಲಗೋಕೆ ಜಾಗ ಕೊಟ್ಟ ಮೇಲೆ ಅದು ನಿಮ್ಮ ದೇವರ ಕೋಣೆ ಅಲ್ಲ.

ಇನ್ನು ನಮ್ಮವರೇ ಹೋಮ್‌ಸ್ಟೇ ಮಾಡೋಕೆ ಹೋದ್ರೆ? ಕಪ್ಪಡಿ ಜಾತ್ರೆ ಟೈಮಲ್ಲಿ ನಮ್ಮ ಕೇರಿಗಳ ಮನೆ ನೋಡಿ. ಒಂದು ಹಜಾರದಲ್ಲಿ ಹದಿನೈದು ಜನ ನೆಂಟರು ಮಲಗ್ತಾರೆ. ಅತಿಥಿ ಸತ್ಕಾರ ಯಾರೂ ನಮಗೆ ಕಲಿಸಬೇಕಿಲ್ಲ. ಆದ್ರೆ 20-30 ಸೈಟು, ಆಶ್ರಯ ಮನೆ, ಮಗನ ಮದುವೆ ಆದ ಮೇಲೆ ಅದರೊಳಗೇ ಅಡ್ಡಗೋಡೆ. ಬೇರೆ ರೂಮು, ಅದಕ್ಕೆ ಸೇರಿದ ಬಾತ್‌ರೂಮು ಎಲ್ಲಿಂದ ತರೋದು? ಇದೇ ಪ್ರವಾಸೋದ್ಯಮ ಇಲಾಖೆ ನಮ್ಮ ಹುಡುಗರಿಗೆ ಸಬ್ಸಿಡಿಯಲ್ಲಿ ಪ್ರವಾಸಿ ಟ್ಯಾಕ್ಸಿ ಕೊಡ್ತು. ಬೇಡ ಅನ್ನಲ್ಲ, ಅದರಿಂದ ಬದುಕು ಕಟ್ಟಿಕೊಂಡವರಿದ್ದಾರೆ. ಆದ್ರೂ ನೋಡಿ, ಪ್ರವಾಸಿಗರನ್ನ ಬಾಗಿಲ ತನಕ ಬಿಡೋ ಕೆಲಸ ನಮ್ಮದು, ಬಾಗಿಲ ಒಳಗಿನ ವ್ಯಾಪಾರ ಇನ್ನೊಬ್ಬರದು. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ದುಡ್ಡಲ್ಲಿ ಕೇರಿಯ ಮನೆಗೊಂದು ರೂಮು ಕಟ್ಟಿಸಿಕೊಡೋ ಯೋಜನೆ ಯಾಕಾಗಬಾರದು?

"ಕೆಲಸ ಸಿಗ್ತದಲ್ಲ" ಅಂತೀರಿ. ಹೌದು, ಸಿಗ್ತದೆ. ಹಾಸಿಗೆ ಒಗೆಯೋದು, ಕಕ್ಕಸು ತೊಳೆಯೋದು. ಅದು ಹೊಸದಾ ನಮಗೆ?

ಜಮೀನಿನ ವಿಷಯ ಇನ್ನೂ ಗಂಭೀರ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಯಾರು ಬೇಕಾದ್ರೂ ಹೊಲ ಕೊಳ್ಳಬಹುದು. ನಮ್ಮ ಅಜ್ಜಂದಿರಿಗೆ ಮಂಜೂರಾದ ದರಖಾಸ್ತು ಜಮೀನು ಮಾತ್ರ ಸರ್ಕಾರದ ಅನುಮತಿ ಇಲ್ಲದೆ ಮಾರೋ ಹಾಗಿಲ್ಲ, 1978ರ ಪಿಟಿಸಿಎಲ್ ಕಾಯ್ದೆ ಇದೆ. ಆದ್ರೆ ಪಂಚಾಯಿತಿ ಎನ್‌ಒಸಿ ಕೊಡೋವಾಗ ಆ ಸರ್ವೆ ನಂಬರಿನ ಮೂಲ ಮಂಜೂರಾತಿ ಯಾರದು ಅಂತ ಕೇಳ್ತಾರಾ? ಕಟ್ಟಡ ಎದ್ದ ಮೇಲೆ ಎ.ಸಿ. ಕೋರ್ಟಿಗೆ ಅಲೆಯೋದು ನಾವು.

ಮಿರ್ಲೆಯವನಿಗೆ ಕಬಿನಿ ಉಸಾಬರಿ ಯಾಕೆ ಅಂತ ಒಬ್ರು ಕೇಳಿದ್ರು. ಚುಂಚನಕಟ್ಟೆಯಲ್ಲಿ ಕಾವೇರಿ ಧುಮುಕ್ತಾಳಲ್ಲ ಸ್ವಾಮಿ, ನೋಡೋಕೆ ಜನ ಬರ್ತಾರಲ್ಲ. ನಾಳೆ ಬೋರ್ಡು ಇಲ್ಲೂ ಏಳ್ತದೆ. ಎದ್ದ ಮೇಲೆ ಕೂಗಾಡೋದಕ್ಕಿಂತ ಈಗಲೇ ಕೇಳೋಣ ಅಂತ.

ನಮ್ಮ ಪಂಚಾಯಿತಿಗೆ ಅರ್ಜಿ ಬರೀತಿದ್ದೀನಿ. ಹೋಮ್‌ಸ್ಟೇ ಎನ್‌ಒಸಿ ಗ್ರಾಮಸಭೆ ಮುಂದೆ ಬರಲಿ, ಕಚೇರಿ ಒಳಗೇ ಮುಗಿಯೋದು ಬೇಡ. ಮಾಲೀಕರು ಅಲ್ಲೇ ಇದ್ದಾರಾ ಅಂತ ಪಿಡಿಒ ಹೋಗಿ ನೋಡಿ ಬರೀಲಿ. ಜಮೀನಿನ ಮೂಲ ಮಂಜೂರಾತಿ ದಾಖಲೆ ಜೊತೆಗಿರಲಿ. ಜಾತಿ ಕೇಳಿ ರೂಮು ನಿರಾಕರಿಸಿದ್ರೆ ಎನ್‌ಒಸಿ ವಾಪಸ್ ಅಂತ ಅದರಲ್ಲೇ ಷರತ್ತು ಹಾಕಲಿ.

ಅರ್ಜಿಯ ನಕಲು ಬೇಕಾದವರು ಕಾಮೆಂಟ್ ಹಾಕಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಗೆಳೆಯರು ನಿಮ್ಮ ಪಂಚಾಯಿತಿ ಹೆಸರು ಬರೆದು ಕೊಡಿ. ಸ್ವೀಕೃತಿ ತಗೊಳ್ಳೋದು ಮಾತ್ರ ಮರೀಬೇಡಿ.

ಜೈಭೀಮ್.