ರಜೆಯ ಪಾಯಿಂಟು, ಮನೆಯ ಲೆಕ್ಕ

ಅಕ್ಕಲಕೋಟೆ ತಾಲೂಕಿನ ಒಂದು ಶಿಕ್ಷಕ ಕುಟುಂಬವನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ತಂದೆ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಶಿಕ್ಷಕರು. ಮಗಳು ಒಂಬತ್ತನೆಯ ತರಗತಿ, ಮಗ ಆರನೆಯ ತರಗತಿ. ಮನೆಯಲ್ಲಿ ತಾಯಿ, ಅಜ್ಜಿ, ಜೊತೆಗೆ ಐದೆಕರೆ ಹೊಲ. ಬಟ್ಟೆ ಕೊಳ್ಳಲೆಂದು ಸೊಲ್ಲಾಪುರಕ್ಕೆ ಹೋದಾಗ ಅಂಗಡಿಯ ಬಾಗಿಲಲ್ಲಿದ್ದ ಪೆಟ್ಟಿಗೆಗೆ ಮಗಳು ಹೆಸರು, ಫೋನ್ ಸಂಖ್ಯೆ ಬರೆದ ಚೀಟಿಯೊಂದನ್ನು ಹಾಕಿದ್ದಳು. ಎರಡು ವಾರಗಳಲ್ಲಿ ಕರೆ ಬಂತು. ಮೂರು ರಾತ್ರಿಯ ವಾಸ್ತವ್ಯ ಬಹುಮಾನವಾಗಿ ಬಂದಿದೆ. ಗಂಡ ಹೆಂಡತಿ ಇಬ್ಬರೂ ಭಾನುವಾರ ಹೋಟೆಲಿಗೆ ಬಂದು ಒಂದು ಗಂಟೆ ಕುಳಿತರೆ ಸಾಕು ಎಂಬುದು ಸುದ್ದಿ.

ಒಂದು ಗಂಟೆ ಮೂರು ಗಂಟೆಯಾಯಿತು. ಗೋಡೆಯ ಮೇಲೆ ಬೆಟ್ಟ, ಕಡಲು, ಈಜುಕೊಳಗಳ ಚಿತ್ರಗಳು ಸರಿದವು. ಕೊನೆಗೆ ಮೇಜಿನ ಮೇಲೆ ಬಂದದ್ದು 25 ವರ್ಷಗಳ ಸದಸ್ಯತ್ವದ ಅರ್ಜಿ. ಹಣ ಕೊಟ್ಟವರಿಗೆ ಪ್ರತಿವರ್ಷ ಇಷ್ಟು ಪಾಯಿಂಟು. ಅವನ್ನು ಖರ್ಚುಮಾಡಿ ಕಂಪನಿಯ ಯಾವ ರಿಸಾರ್ಟಿನಲ್ಲಾದರೂ ಉಳಿಯಬಹುದು. ಇಂದೇ ಸಹಿ ಹಾಕಿದರೆ ರಿಯಾಯಿತಿ ಉಂಟು, ನಾಳೆ ಇಲ್ಲ. ಮಾತೆಲ್ಲ ಹಿಂದಿ, ಮರಾಠಿಗಳಲ್ಲಿ ನಡೆಯಿತು. ಕರಾರು ಪತ್ರ ಮಾತ್ರ ಇಂಗ್ಲಿಷಿನಲ್ಲಿತ್ತು.

ಪತ್ರವನ್ನು ಮನೆಗೆ ಒಯ್ದು ಓದುವೆವೆಂದು ತಾಯಿ ಕೇಳಿದರು. ಮುಂಗಡ ಕಟ್ಟಿದ ಮೇಲೆ ಪ್ರತಿ ಸಿಗುತ್ತದೆ ಎಂಬ ಉತ್ತರ ಬಂತು. ಹಾಗಾದರೆ ಮತ್ತೆ ಬರುತ್ತೇವೆ ಎಂದು ಅವರು ಎದ್ದರು. ತಂದೆ ಕೊಂಚ ಮುಜುಗರದಿಂದಲೇ ಹಿಂಬಾಲಿಸಿದರು. ಅವರ ಮನಸ್ಸು ಆ ಚಿತ್ರಗಳಲ್ಲಿಯೇ ಉಳಿದಿತ್ತು. ಮಕ್ಕಳು ಕಡಲನ್ನು ಕಂಡಿರಲಿಲ್ಲ. ಬ್ಯಾಂಕಿನಲ್ಲಿ ಠೇವಣಿಯ ಹಣವೂ ಇತ್ತು. ಆದರೆ ಅದು ಹತ್ತನೆಯ ತರಗತಿ ಮುಗಿದ ಮೇಲೆ ಮಗಳನ್ನು ಊರಾಚೆಗೆ ಓದಲು ಕಳುಹಿಸುವುದಕ್ಕೆಂದು ಇಟ್ಟದ್ದು.

ಇಂಥ ಮನೆಗಳಲ್ಲಿ ಏಳುವ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಮಾರಾಟದ ವಸ್ತು ಏನೆಂಬುದನ್ನು ಅರಿಯಬೇಕು. ಒಂದು ಕೊಠಡಿಯನ್ನು ಹಲವು ಕುಟುಂಬಗಳು ವರ್ಷದ ಬೇರೆ ಬೇರೆ ದಿನಗಳಿಗೆ ಹಂಚಿಕೊಳ್ಳುವ ಟೈಮ್‌ಶೇರ್ ಪದ್ಧತಿ 1960ರ ದಶಕದಲ್ಲಿ ಯುರೋಪಿನಲ್ಲಿ ಬೆಳೆಯಿತು. ಸ್ವಿಟ್ಜರ್ಲೆಂಡಿನಲ್ಲಿ 1963ರಲ್ಲಿ ಆರಂಭವಾದ ಹಪಿಮಾಗ್ ಈ ಬಗೆಯ ಮೊದಲ ಸಂಸ್ಥೆಗಳಲ್ಲಿ ಒಂದು. ಹಳೆಯ ಪದ್ಧತಿಯಲ್ಲಿ ಸದಸ್ಯನಿಗೆ ಒಂದು ಊರು, ಒಂದು ವಾರ ನಿಗದಿಯಾಗಿರುತ್ತಿತ್ತು. ಪಾಯಿಂಟು ಪದ್ಧತಿಯಲ್ಲಿ ಆ ಕಟ್ಟು ಸಡಿಲವಾಗಿದೆ: ಎರಡು ದಿನ ಒಂದೆಡೆ, ಮೂರು ದಿನ ಇನ್ನೊಂದೆಡೆ ಉಳಿಯಬಹುದು, ಸಣ್ಣ ಕೊಠಡಿಗೆ ಕಡಿಮೆ, ದೊಡ್ಡದಕ್ಕೆ ಹೆಚ್ಚು ಪಾಯಿಂಟು. ಇದು ನಿಜವಾದ ಅನುಕೂಲ. ಆದರೆ ಪಾಯಿಂಟು ರೂಪಾಯಿಯಲ್ಲ. ಯಾವ ಕೊಠಡಿಗೆ ಯಾವ ಹಂಗಾಮಿನಲ್ಲಿ ಎಷ್ಟು ಪಾಯಿಂಟು ಎಂಬ ಪಟ್ಟಿಯನ್ನು ಬರೆಯುವುದು ಕಂಪನಿ. ಆ ಪಟ್ಟಿಯನ್ನು ಮುಂದೆ ಬದಲಿಸುವ ಅಧಿಕಾರವನ್ನು ಕರಾರು ಯಾರಿಗೆ ಕೊಟ್ಟಿದೆ ಎಂಬುದು ಮೊದಲು ನೋಡಬೇಕಾದ ಸಾಲು.

ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಇಲ್ಲಿಯೇ ಮುಖ್ಯ ತೊಡಕು. ಆ ಮನೆಯವರು ಹೊರಡಬಹುದಾದದ್ದು ದೀಪಾವಳಿಯ ರಜೆಯಲ್ಲಿ, ಇಲ್ಲವೆ ಮೇ ತಿಂಗಳಿನಲ್ಲಿ. ಮಕ್ಕಳಿರುವ ಉಳಿದ ಮನೆಗಳೆಲ್ಲ ಹೊರಡುವುದೂ ಆಗಲೇ. ಆದ್ದರಿಂದ ಪಾಯಿಂಟು ಅತಿ ದುಬಾರಿಯಾಗಿರುವುದೂ ಕೊಠಡಿ ಸಿಗುವುದು ಅತಿ ಕಷ್ಟವಾಗಿರುವುದೂ ಅದೇ ದಿನಗಳಲ್ಲಿ. ಜುಲೈ ತಿಂಗಳಿನಲ್ಲಿ ಹತ್ತು ರಾತ್ರಿ ಕೊಡುವ ಪಾಯಿಂಟು ಮೇ ತಿಂಗಳಿನಲ್ಲಿ ಐದೇ ರಾತ್ರಿ ಕೊಡಬಹುದು. ಮಾರಾಟದ ಮೇಜಿನಲ್ಲಿ ಹೇಳುವುದು ಹತ್ತು ರಾತ್ರಿಯ ಮಾತನ್ನು; ಶಾಲೆಯ ಮಕ್ಕಳಿರುವ ಮನೆಗೆ ಸಿಗುವುದು ಐದು ರಾತ್ರಿ.

ಲೆಕ್ಕವನ್ನು ಅಂಕಿಗಳಲ್ಲಿಯೇ ಮಾಡಿ ನೋಡುವುದು ಒಳ್ಳೆಯದು. ಇವು ಉದಾಹರಣೆಯ ಅಂಕಿಗಳು. ಕೈಗೆ ಬಂದ ಕರಾರಿನ ಅಂಕಿಗಳನ್ನು ಇವುಗಳ ಜಾಗದಲ್ಲಿ ಇಟ್ಟುಕೊಳ್ಳಬಹುದು. ತೆರಿಗೆ ಸೇರಿ ಪ್ರವೇಶ ಶುಲ್ಕ 3,60,000 ರೂಪಾಯಿ. ವಾರ್ಷಿಕ ನಿರ್ವಹಣಾ ಶುಲ್ಕ 18,000 ರೂಪಾಯಿ. ಅವಧಿ 25 ವರ್ಷ. ರಜೆಯ ಹಂಗಾಮಿನಲ್ಲಿ ವರ್ಷಕ್ಕೆ ಐದು ರಾತ್ರಿ. ನಿರ್ವಹಣಾ ಶುಲ್ಕ ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ 25ನೆಯ ವರ್ಷದಲ್ಲಿ ಅದು ಸುಮಾರು 73,000 ರೂಪಾಯಿ ಆಗುತ್ತದೆ. 25 ವರ್ಷಗಳಲ್ಲಿ ಕಟ್ಟಿದ ನಿರ್ವಹಣಾ ಶುಲ್ಕವೊಂದೇ 9,87,000 ರೂಪಾಯಿ ದಾಟುತ್ತದೆ. ಪ್ರವೇಶ ಶುಲ್ಕದ ಎರಡೂವರೆ ಪಟ್ಟಿಗಿಂತ ಹೆಚ್ಚಿನ ಈ ಮೊತ್ತ ಮಾರಾಟದ ದಿನ ಸಣ್ಣ ಅಕ್ಷರದಲ್ಲಿ ಮಾತ್ರ ಕಾಣಿಸುತ್ತದೆ.

ಹೋಟೆಲಿನ ಬಾಡಿಗೆಯೂ ಏರುವುದಿಲ್ಲವೇ ಎಂದು ಮಾರುವವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬಾಡಿಗೆ, ಶುಲ್ಕ, ಬ್ಯಾಂಕಿನ ಬಡ್ಡಿ ಮೂರೂ ನೂರಕ್ಕೆ 6ರಂತೆಯೇ ನಡೆಯುತ್ತವೆ ಎಂದು ಹಿಡಿದರೆ ಎಲ್ಲವನ್ನೂ ಇಂದಿನ ಬೆಲೆಯಲ್ಲಿ ಎಣಿಸಬಹುದು. 25 ವರ್ಷಗಳ ಶುಲ್ಕ 4,50,000, ಪ್ರವೇಶ ಶುಲ್ಕ 3,60,000, ಒಟ್ಟು 8,10,000 ರೂಪಾಯಿ. ಒಂದು ವರ್ಷವೂ ತಪ್ಪದೆ ಹೋದರೆ 125 ರಾತ್ರಿ; ಅಂದರೆ ರಾತ್ರಿಯೊಂದಕ್ಕೆ 6,480 ರೂಪಾಯಿ. ಅದೇ ಊರಿನಲ್ಲಿ, ಅದೇ ರಜೆಯ ದಿನಗಳಲ್ಲಿ, ಅಂಥದೇ ಕೊಠಡಿ ಇಂದು ಇದಕ್ಕಿಂತ ಕಡಿಮೆಗೆ ಸಿಗುವುದಾದರೆ ಸದಸ್ಯತ್ವದಿಂದ ನಷ್ಟವೇ. 25 ವರ್ಷಗಳಲ್ಲಿ 15 ವರ್ಷ ಮಾತ್ರ ಹೋಗಲು ಸಾಧ್ಯವಾದರೆ ಅದೇ ರಾತ್ರಿಗೆ 10,800 ರೂಪಾಯಿ ಬೀಳುತ್ತದೆ. ಹೋಗಲಿ ಬಿಡಲಿ, ಶುಲ್ಕ ನಿಲ್ಲುವುದಿಲ್ಲ. ಊಟ, ಪ್ರಯಾಣಗಳ ಖರ್ಚು ಇದರಲ್ಲಿ ಸೇರಿಲ್ಲ.

ಎಷ್ಟು ವರ್ಷ ಹೋಗಲಾದೀತು ಎಂಬುದನ್ನು ತಿಳಿಯಲು ಮುಂದಿನ ಕನಸಿಗಿಂತ ಹಿಂದಿನ ನೆನಪು ಹೆಚ್ಚು ನಂಬಿಕೆಗೆ ಅರ್ಹ. ಆ ಭಾನುವಾರ ರಾತ್ರಿ ಮಗಳು ನೋಟುಪುಸ್ತಕದಲ್ಲಿ ಕಳೆದ ಐದು ವರ್ಷಗಳ ರಜೆಗಳನ್ನು ಬರೆದಳು. ಒಂದು ಮೇ ತಿಂಗಳು ಚಿಕ್ಕಪ್ಪನ ಮದುವೆಗೆ ಹೋಯಿತು. ಇನ್ನೊಂದು ಅಜ್ಜಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆ. ಒಂದು ದೀಪಾವಳಿಯಲ್ಲಿ ಪಂಢರಪುರ, ತುಳಜಾಪುರ; ಮತ್ತೊಂದರಲ್ಲಿ ಗಾಣಗಾಪುರ, ಅಲ್ಲಿಂದ ಕಲಬುರಗಿಯ ಅತ್ತೆಯ ಮನೆ. ಹೋಟೆಲಿನಲ್ಲಿ ಉಳಿದದ್ದು ಐದು ವರ್ಷಗಳಲ್ಲಿ ಎರಡೇ ರಾತ್ರಿ, ವಿಜಯಪುರದಲ್ಲಿ. ಮುಂದಿನ ವರ್ಷ ಮಗಳದು ಹತ್ತನೆಯ ತರಗತಿ; ಅದಾಗಿ ಎರಡು ವರ್ಷಕ್ಕೆ ಹನ್ನೆರಡನೆಯದು; ಅದರ ಮರುವರ್ಷ ಮಗನ ಹತ್ತನೆಯದೂ ಬರುತ್ತದೆ. ಲೆಕ್ಕ ಕೇಳುತ್ತ ಕುಳಿತಿದ್ದ ಅಜ್ಜಿ ಒಂದೇ ಮಾತು ಕೇಳಿದರು: “ವರ್ಷಾ ವರ್ಷಾ ಹೋಗ್ಲಿಕ್ಕೇ ಬೇಕು ಅಂದ್ರ, ಅದು ರಜಾ ಹ್ಯಾಂಗಾತಪ್ಪಾ?”

ಇದರಿಂದ ಸದಸ್ಯತ್ವವೆಂಬುದೇ ಮೋಸವೆಂದು ತೀರ್ಮಾನಿಸಬೇಕಾಗಿಲ್ಲ. ಶಾಲೆಯ ರಜೆಗೆ ಕಾಯಬೇಕಾಗಿಲ್ಲದ, ಪ್ರತಿವರ್ಷ ತಪ್ಪದೆ ಪ್ರವಾಸ ಮಾಡುವ, ಹಲವು ತಿಂಗಳ ಮೊದಲೇ ಕೊಠಡಿ ಕಾದಿರಿಸುವ ಶಿಸ್ತಿರುವ, ದುಬಾರಿ ಹೋಟೆಲುಗಳಲ್ಲಿಯೇ ಉಳಿಯುವ ರೂಢಿಯುಳ್ಳ ಮನೆಗಳಿಗೆ ಇದು ಲಾಭವಾದೀತು. ಸಾಲವಿಲ್ಲದೆ ಕೊಳ್ಳಬಲ್ಲವರಾಗಿರಬೇಕು, ಮಾಸಿಕ ಕಂತಿನಲ್ಲಿ ಕೊಂಡರೆ ಬಡ್ಡಿಯೂ ಮೇಲಿನ ಲೆಕ್ಕಕ್ಕೆ ಸೇರುತ್ತದೆ. ಮತ್ತೆ ಮಾರಿದರೆ ಹಣ ಬರುತ್ತದೆಂಬ ಭರವಸೆಯಿಂದ ಮಾತ್ರ ಯಾರೂ ಕೊಳ್ಳಬಾರದು. ಇದು ರಜೆಯ ಖರ್ಚೇ ಹೊರತು ಆಸ್ತಿಯಲ್ಲ.

ಆಸ್ತಿಯೆಂದು ನಂಬಿದವರ ಗತಿಯನ್ನು ಮಹಾರಾಷ್ಟ್ರ ಕಂಡಿದೆ. ಮುಂಬಯಿಯ ಪ್ಯಾನ್‌ಕಾರ್ಡ್ ಕ್ಲಬ್ಸ್ ಎಂಬ ಕಂಪನಿ ಹೋಟೆಲಿನ ರಾತ್ರಿಗಳನ್ನು ಮಾರುತ್ತ, ಅವಧಿ ಮುಗಿದಾಗ ಹಣ ಮರಳಿಸುವ ಆಸೆ ತೋರಿಸಿ 51 ಲಕ್ಷಕ್ಕೂ ಹೆಚ್ಚು ಜನರಿಂದ 7,035 ಕೋಟಿ ರೂಪಾಯಿ ಸಂಗ್ರಹಿಸಿತ್ತು. ಇದು ಅನುಮತಿಯಿಲ್ಲದ ಸಾಮೂಹಿಕ ಹೂಡಿಕೆಯೆಂದು ಹೇಳಿ, ಹಣ ಹಿಂದಿರುಗಿಸುವಂತೆ ಸೆಬಿ 2016ರ ಫೆಬ್ರವರಿಯಲ್ಲಿ ಆದೇಶಿಸಿತು. ಕೊಠಡಿಯ ಜೊತೆಗೆ ಲಾಭವನ್ನೂ ಮಾರುವ ಮಾತು ಕೇಳಿದೊಡನೆ ಎದ್ದು ಬರುವುದು ಲೇಸು.

ಕಾನೂನಿನ ಆಸರೆಯ ಮಿತಿಯನ್ನೂ ತಿಳಿದಿರಬೇಕು. ಯುರೋಪಿನ ಒಕ್ಕೂಟದಲ್ಲಿ ಟೈಮ್‌ಶೇರ್ ಕೊಂಡವರು 14 ದಿನಗಳೊಳಗೆ ಕಾರಣ ಹೇಳದೆ ಹಿಂದೆಗೆಯಬಹುದು. ಭಾರತದಲ್ಲಿ ಟೈಮ್‌ಶೇರಿಗೆಂದೇ ಅಂಥ ಪ್ರತ್ಯೇಕ ಕಾಯ್ದೆಯಿಲ್ಲ. ಹಿಂದೆಗೆಯಲು ಎಷ್ಟು ದಿನ, ಎಷ್ಟು ಹಣ ಕಡಿತ ಎಂಬುದನ್ನು ಕರಾರಿನಲ್ಲಿಯೇ ಹುಡುಕಬೇಕು. ತಕರಾರು ಬಂದರೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆದರೆ ಆಯೋಗದ ಮುಂದೆ ನಿಲ್ಲುವುದು ಸಹಿ ಹಾಕಿದ ಕಾಗದ. ಮೇಜಿನ ಮೇಲೆ ಆಡಿದ ಮಾತಿಗೆ ಸಾಕ್ಷಿ ಒದಗಿಸುವುದು ಕಷ್ಟ. ಬಾಯಲ್ಲಿ ಕೊಟ್ಟ ಭರವಸೆಯನ್ನೆಲ್ಲ ಬರವಣಿಗೆಯಲ್ಲಿ ಕೇಳಬೇಕು. ಪತ್ರವನ್ನು ಮನೆಗೆ ತಂದು, ಇಂಗ್ಲಿಷ್ ಬಲ್ಲವರಿಂದ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಂಡು, ಮನೆಮಂದಿಗೆಲ್ಲ ತಿಳಿದ ಮೇಲೆಯೇ ಸಹಿ. ಮನೆಗೆ ಒಯ್ಯಲು ಕೊಡದ ಪತ್ರಕ್ಕೆ ಸಹಿ ಹಾಕುವ ಅಗತ್ಯ ಯಾವ ಕುಟುಂಬಕ್ಕೂ ಇಲ್ಲ.

ಆ ಕುಟುಂಬ ಮಾಡಿದ್ದು ಸರಳವಾದ ಏರ್ಪಾಡು. ಮಗಳ ಓದಿನ ಠೇವಣಿಯನ್ನು ಮುಟ್ಟಲಿಲ್ಲ. ವರ್ಷಕ್ಕೆ 18,000 ರೂಪಾಯಿ ಕಟ್ಟಲು ಸಾಧ್ಯವೆಂದು ಹೋಟೆಲಿನಲ್ಲಿ ತಂದೆ ಒಪ್ಪಿದ್ದರಲ್ಲ, ಅದನ್ನೇ ತಿಂಗಳಿಗೆ 1,500ರಂತೆ ಅಂಚೆ ಕಚೇರಿಯ ಆವರ್ತಕ ಠೇವಣಿಗೆ ಕಟ್ಟತೊಡಗಿದರು. ಹೋಗಲಾಗದ ವರ್ಷ ಆ ಹಣ ಕರಗುವುದಿಲ್ಲ, ಕೂಡುತ್ತದೆ. ಮಗಳ ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮೇ ತಿಂಗಳಿನಲ್ಲಿ ಎಲ್ಲರೂ ಕೂಡಿ ಗೋಕರ್ಣಕ್ಕೆ ಹೋಗಿ ಮೂರು ರಾತ್ರಿ ಉಳಿಯಬೇಕೆಂದು ನಿಶ್ಚಯವಾಗಿದೆ. ನೋಟುಪುಸ್ತಕದ ಹೊಸ ಪುಟದ ತಲೆಯಲ್ಲಿ ಮಗ ದೊಡ್ಡ ಅಕ್ಷರದಲ್ಲಿ ‘ಕಡಲು’ ಎಂದು ಬರೆದು, ಅದರ ಕೆಳಗೆ ಮೊದಲ ಕಂತಿನ ತಾರೀಖು ಹಾಕಿದ್ದಾನೆ.