ಬಿಸಿಲು ಹೃದಯಕ್ಕೆ ಹಗೆಯೆ?

ಚನ್ನಪಟ್ಟಣವನ್ನು ದಾಟಿ ಮೈಸೂರಿನ ಕಡೆಗೆ ಹೊರಟವರಿಗೆ ಸ್ವಲ್ಪ ದೂರದಲ್ಲಿಯೇ ದೊಡ್ಡಮಳೂರು ಎದುರಾಗುತ್ತದೆ. ಅಪ್ರಮೇಯಸ್ವಾಮಿಯ ದೇವಾಲಯದಿಂದಲೂ ಅಂಬೆಗಾಲು ಕೃಷ್ಣನಿಂದಲೂ ಹೆಸರುವಾಸಿಯಾದ ಊರು ಅದು. ಡಿಸೆಂಬರ್ ತಿಂಗಳ ಕೊನೆಯಲ್ಲಿ ಒಂದು ದಿನ, ನಡುಹಗಲಿನ ಹೊತ್ತು, ಒಬ್ಬ ವಿದ್ಯಾರ್ಥಿಯು ಆ ದೇವಾಲಯದ ಮುಂದೆ ನಿಂತು ತನ್ನ ನೆರಳನ್ನು ಅಳೆದನೆನ್ನೋಣ. ವರ್ಷದಲ್ಲೆಲ್ಲ ಸೂರ್ಯನು ಅತ್ಯಂತ ತಗ್ಗಿನಲ್ಲಿ ಸಂಚರಿಸುವ ಕಾಲ ಅದು. ಆದರೂ ಅವನ ನೆರಳು ಅವನ ಎತ್ತರದ ಮುಕ್ಕಾಲು ಪಾಲನ್ನು ಮೀರದು. ಅದೇ ದಿನ ದಕ್ಷಿಣ ಸ್ವೀಡನ್ನಿನಲ್ಲಿ ನಡುಹಗಲಿನ ನೆರಳು ಮನುಷ್ಯನ ಎತ್ತರದ ಐದು ಪಟ್ಟು ಇರುತ್ತದೆ.

ಇಂತಹ ಎರಡು ನಾಡುಗಳಿಗೆ ಒಂದೇ ಉಪದೇಶ ಸಲ್ಲುವುದೆ? ಬಿಸಿಲಿನಿಂದ ದೂರವಿರಿ, ಹೊರಡುವ ಮುನ್ನ ಬಿಸಿಲು ತಡೆಯುವ ಲೇಪವನ್ನು ಹಚ್ಚಿಕೊಳ್ಳಿ ಎಂಬುದು ಇಂದು ವೈದ್ಯಲೋಕದಲ್ಲಿ ರೂಢವಾಗಿರುವ ಸಲಹೆ. ನೇರಿಳಾತೀತ ಸೂಚ್ಯಂಕವು 3ನ್ನು ಮುಟ್ಟಿದರೆ ಮೈಯನ್ನು ರಕ್ಷಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ದೊಡ್ಡಮಳೂರಿನಲ್ಲಿಯಾದರೋ ಮೋಡವಿಲ್ಲದ ಯಾವ ದಿನದ ನಡುಹಗಲಿನಲ್ಲಿಯೂ ಸೂಚ್ಯಂಕವು ಅದನ್ನು ಮೀರಿಯೇ ಇರುತ್ತದೆ. ಅಕ್ಷರಶಃ ಪಾಲಿಸಹೊರಟರೆ ಇಲ್ಲಿಯ ರೈತನು ವರ್ಷವಿಡೀ ಮನೆಯೊಳಗೇ ಕುಳಿತಿರಬೇಕಾದೀತು.

ಈ ಸಲಹೆಯು ಹುಟ್ಟಿದುದು ಸಕಾರಣವಾಗಿಯೇ. ಬಿಳಿಯ ಚರ್ಮದ ಜನರು ತೀವ್ರ ಬಿಸಿಲಿಗೆ ಮೈಯೊಡ್ಡಿದಾಗ ಚರ್ಮದ ಕ್ಯಾನ್ಸರ್ ತಗಲುವ ಅಪಾಯ ಹೆಚ್ಚು. ಆಸ್ಟ್ರೇಲಿಯದಲ್ಲಿ 1981ರಲ್ಲಿ ಆರಂಭವಾದ ಪ್ರಸಿದ್ಧ ಪ್ರಚಾರಾಂದೋಲನವು ಅಂತಹ ಜನರಿಗಾಗಿಯೇ ನಡೆಯಿತು. ಅದನ್ನು ಯಾರೂ ಹೀಗಳೆಯಬೇಕಾಗಿಲ್ಲ. ದೋಷವಿರುವುದು ಬೇರೆ ಎಡೆಯಲ್ಲಿ. ಆ ತಕ್ಕಡಿಯಲ್ಲಿ ಚರ್ಮವನ್ನು ಮಾತ್ರ ತೂಗಿದರು, ಹೃದಯವನ್ನು ತೂಗಲಿಲ್ಲ.

ಹೃದಯವನ್ನೂ ತೂಗಿದಾಗ ಏನು ಕಂಡಿತು? ದಕ್ಷಿಣ ಸ್ವೀಡನ್ನಿನಲ್ಲಿ 1990–92ರ ಅವಧಿಯಲ್ಲಿ 29,518 ಮಹಿಳೆಯರನ್ನು ಅವರ ಬಿಸಿಲಿನ ಅಭ್ಯಾಸಗಳ ವಿಚಾರವಾಗಿ ಪ್ರಶ್ನಿಸಿ, ಇಪ್ಪತ್ತು ವರ್ಷಗಳ ಕಾಲ ಅವರ ಆಯುರಾರೋಗ್ಯವನ್ನು ಗಮನಿಸಲಾಯಿತು. ಬಿಸಿಲನ್ನು ವರ್ಜಿಸಿದವರಲ್ಲಿ ಮರಣದ ಪ್ರಮಾಣವು, ಹೆಚ್ಚು ಬಿಸಿಲು ಕಂಡವರಿಗಿಂತ ಸುಮಾರು ಎರಡು ಪಟ್ಟು ಇದ್ದಿತೆಂದು ಪೆಲ್ಲೆ ಲಿಂಡ್‌ಕ್ವಿಸ್ಟ್ ಮತ್ತು ಅವರ ಸಂಗಡಿಗರು 2014ರಲ್ಲಿ ಪ್ರಕಟಿಸಿದರು. ಈ ಅಂತರಕ್ಕೆ ಹೃದಯ ಮತ್ತು ರಕ್ತನಾಳಗಳ ರೋಗಗಳು ಒಂದು ಮುಖ್ಯ ಕಾರಣವೆಂದು 2016ರ ಅವರ ಲೇಖನವು ತೋರಿಸಿತು.

ರೋಗಿಷ್ಠರು ಸಹಜವಾಗಿಯೇ ಮನೆಯೊಳಗಿರುತ್ತಾರೆ, ಗಟ್ಟಿಮುಟ್ಟಾದವರು ಹೊರಗೆ ತಿರುಗಾಡುತ್ತಾರೆ. ಇದರಲ್ಲಿ ಬಿಸಿಲಿನ ಮಹಿಮೆಯೇನು ಎಂದು ಜಾಣ ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಇಂತಹ ವೀಕ್ಷಣೆಯೊಂದರಿಂದಲೇ ಕಾರ್ಯಕಾರಣ ಸಂಬಂಧವು ಸಿದ್ಧವಾಗದು. ಆದುದರಿಂದ ಪ್ರಯೋಗದ ಕಡೆಗೂ ನೋಡಬೇಕು.

ನೈಟ್ರಿಕ್ ಆಕ್ಸೈಡ್ ಎಂಬ ಸರಳ ಅನಿಲವು ರಕ್ತನಾಳಗಳನ್ನು ಸಡಿಲಗೊಳಿಸಿ ಹಿಗ್ಗಿಸುತ್ತದೆ. ಈ ಶೋಧಕ್ಕೆ 1998ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ನಮ್ಮ ಚರ್ಮದಲ್ಲಿ ಈ ಅನಿಲದ ಮೂಲವಸ್ತುಗಳು ಸಂಗ್ರಹವಾಗಿರುತ್ತವೆ. ಎಡಿನ್‌ಬರೋದ ಚರ್ಮವೈದ್ಯ ರಿಚರ್ಡ್ ವೆಲ್ಲರ್ ಮತ್ತು ಅವರ ಸಹೋದ್ಯೋಗಿಗಳು 24 ಮಂದಿ ಆರೋಗ್ಯವಂತರ ಮೇಲೆ ದೀಪದಿಂದ ದೀರ್ಘತರಂಗದ ನೇರಿಳಾತೀತ ಕಿರಣಗಳನ್ನು ಹಾಯಿಸಿದರು. ಇನ್ನೊಂದು ದಿನ ಕಿರಣಗಳನ್ನು ತಡೆದು, ದೀಪದ ಶಾಖವನ್ನು ಮಾತ್ರ ತಗಲಿಸಿದರು. ಕಿರಣ ಬಿದ್ದಾಗ ರಕ್ತದೊತ್ತಡವು ಸ್ವಲ್ಪ ಇಳಿಯಿತು. ಆದರೆ ರಕ್ತದಲ್ಲಿಯ ಡಿ ಜೀವಸತ್ವ ಬದಲಾಗಲಿಲ್ಲ. 2014ರಲ್ಲಿ ಪ್ರಕಟವಾದ ಈ ಪ್ರಯೋಗವು ಚಿಕ್ಕದು, ಆದರೆ ಅರ್ಥಗರ್ಭಿತವಾದುದು.

ಏಕೆಂದರೆ, ಬಿಸಿಲನ್ನು ಬಿಟ್ಟವರಿಗೆ ವೈದ್ಯರು ಡಿ ಜೀವಸತ್ವದ ಗುಳಿಗೆಯನ್ನು ಕೊಟ್ಟು ಸಮಾಧಾನ ಹೇಳುವುದುಂಟು. ಅಮೆರಿಕದಲ್ಲಿ 25,871 ಮಂದಿಯ ಮೇಲೆ ಆ ಗುಳಿಗೆಯ ಪರೀಕ್ಷೆ ನಡೆಯಿತು. ಅದು ಹೃದಯಾಘಾತವನ್ನಾಗಲಿ ಪಾರ್ಶ್ವವಾಯುವನ್ನಾಗಲಿ ಕಡಮೆ ಮಾಡಲಿಲ್ಲವೆಂದು 2019ರಲ್ಲಿ ಪ್ರಕಟವಾಯಿತು. ಮೂಳೆಗೆ ಗುಳಿಗೆಯ ಅವಶ್ಯಕತೆ ಇದ್ದವರಿಗೆ ಅದು ಇರಲಿ. ಆದರೆ ಗುಳಿಗೆಯು ಸೂರ್ಯನಿಗೆ ಪ್ರತಿನಿಧಿಯಾಗಲಾರದು.

ಇನ್ನು ನಮ್ಮ ಚರ್ಮದ ಮಾತು. ಅಮೆರಿಕದ 3,42,457 ಮಂದಿ ಡಯಾಲಿಸಿಸ್ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ 2020ರ ಲೇಖನವೊಂದು, ನೇರಿಳಾತೀತ ಕಿರಣ ಹೆಚ್ಚಾದಂತೆ ರಕ್ತದೊತ್ತಡವು ಇಳಿಯುವುದೆಂದೂ ಕಪ್ಪುಜನರಲ್ಲಿ ಈ ಇಳಿತ ಕಡಮೆಯೆಂದೂ ತಿಳಿಸಿತು. ಮೆಲನಿನ್ ಎಂಬ ವರ್ಣದ್ರವ್ಯವು ಕಿರಣಗಳನ್ನು ಹೀರಿಕೊಳ್ಳುವುದರಿಂದ ಹೀಗಾಗುವುದು ಸಂಭವನೀಯ. ಹಾಗಿದ್ದಲ್ಲಿ ನಮ್ಮಂತಹವರಿಗೆ ಬೇಕಾದುದು ಹೆಚ್ಚು ಬಿಸಿಲೇ ಹೊರತು ಕಡಮೆಯಲ್ಲ. ಆಸ್ಟ್ರೇಲಿಯದ ತಜ್ಞರೇ 2024ರಲ್ಲಿ ತಮ್ಮ ಸಲಹೆಯನ್ನು ತಿದ್ದಿ, ಚರ್ಮದ ಬಣ್ಣಕ್ಕೆ ತಕ್ಕಂತೆ ಮೂರು ವರ್ಗಗಳಾಗಿ ವಿಂಗಡಿಸಿದರು. ಮೂಲಸ್ಥಾನದಲ್ಲಿಯೇ ಉಪದೇಶವು ಬದಲಾಗಿರುವಾಗ ನಾವು ಅದರ ಹಳೆಯ ಪ್ರತಿಯನ್ನು ಹಿಡಿದು ಕೂರುವುದು ವಿವೇಕವಲ್ಲ.

ನಮ್ಮಲ್ಲಿ ಬಿಸಿಲಿಗೆ ಹೆದರುವುದಕ್ಕೆ ಇನ್ನೊಂದು ಕಾರಣವೂ ಉಂಟು. ಅದು ಕ್ಯಾನ್ಸರಿನ ಭಯವಲ್ಲ. ಮೈ ಕಪ್ಪಾದೀತೆಂಬ ಭಯ. ಬಿಸಿಲಿಗೆ ಹೋಗಬೇಡವೆಂದು ಹೆಣ್ಣುಮಕ್ಕಳಿಗೆ ಹಿರಿಯರು ಹೇಳುವ ಬುದ್ಧಿಮಾತಿನಲ್ಲಿ ವಿಜ್ಞಾನಕ್ಕಿಂತ ಬಣ್ಣದ ಮೋಹವೇ ಹೆಚ್ಚು. ಚನ್ನಪಟ್ಟಣದಲ್ಲಿ ಆಲೆಮರದ ಬೊಂಬೆಗಳಿಗೆ ಅರಗು ಹಚ್ಚುವ ಕುಶಲಕರ್ಮಿ, ರಾಮನಗರದಲ್ಲಿ ಗೂಡಿನಿಂದ ರೇಷ್ಮೆಯ ನೂಲು ತೆಗೆಯುವ ಹೆಂಗಸು, ಬೆಳಗಿನಿಂದ ಸಂಜೆಯವರೆಗೆ ತರಗತಿಯಲ್ಲಿಯೇ ಇರುವ ವಿದ್ಯಾರ್ಥಿ, ಇವರೆಲ್ಲರೂ ಸೂರ್ಯನ ನಾಡಿನಲ್ಲಿ ನೆರಳಿನ ನಿವಾಸಿಗಳೇ.

ಹಾಗೆಂದು ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಗಂಟೆಗಟ್ಟಲೆ ನಿಲ್ಲಿರೆಂದು ನಾನು ಹೇಳುತ್ತಿಲ್ಲ. ಬೇಗೆಯು ಹೃದ್ರೋಗಿಗೆ ಅಪಾಯಕರ. ಅತಿಯಾದ ಬಿಸಿಲು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಪೊರೆ ತರಲು ಸಹಾಯಕವಾಗುತ್ತದೆ. ರಕ್ತದೊತ್ತಡದ ಔಷಧವನ್ನು ಬಿಟ್ಟು ಬಿಸಿಲನ್ನು ನಂಬುವವನು ಮೂರ್ಖನೇ ಸರಿ. ಹೊಲದಲ್ಲಿ ದಿನವಿಡೀ ದುಡಿಯುವ ರೈತನಿಗೆ ಬೇಕಾದುದು ನೆರಳು, ನೀರು ಮತ್ತು ವಿಶ್ರಾಂತಿ. ಕೊಠಡಿಯಲ್ಲಿ ಕುಳಿತವನಿಗೆ ಬೇಕಾದುದು ಹೊರಗಿನ ಬೆಳಕು. ಇಬ್ಬರಿಗೂ ಒಂದೇ ಚೀಟಿಯನ್ನು ಬರೆದುಕೊಡುವುದು ವೈದ್ಯವಲ್ಲ.

ಬಿಸಿಲಿನ ಪರವಾಗಿ ಪೂರ್ಣ ಪ್ರಮಾಣ ದೊರೆತಿಲ್ಲವೆಂದು ವೈದ್ಯರು ಹೇಳುವುದು ನಿಜ. ಆದರೆ ಅದೇ ಅಳತೆಗೋಲನ್ನು ಬಿಸಿಲಿನ ವರ್ಜನೆಗೂ ಹಿಡಿಯಬೇಕು. ನಮ್ಮ ಅಕ್ಷಾಂಶದಲ್ಲಿ, ನಮ್ಮ ಮೈಬಣ್ಣದವರಲ್ಲಿ, ನಮ್ಮ ಬಿಸಿಲಿನಲ್ಲಿಯೇ ರಕ್ತದೊತ್ತಡವನ್ನು ಅಳೆಯುವ ವಿಸ್ತಾರವಾದ ಪ್ರಯೋಗಗಳು ನಡೆಯಬೇಕು. ಅದನ್ನು ನಡೆಸಬೇಕಾದವರು ಇಂದು ಕಾಲೇಜಿನಲ್ಲಿ ಓದುತ್ತಿರುವ ನೀವೇ. ಅಷ್ಟರವರೆಗೆ ಬಿಡುವಿನ ವೇಳೆಯಲ್ಲಿ, ಮೈ ಸುಡದಷ್ಟು ಹೊತ್ತು, ಆಟದ ಬಯಲಿಗೆ ನಡೆಯಿರಿ. ಜೊತೆಗೆ ಒಂದು ಅಳತೆಪಟ್ಟಿ ಇರಲಿ. ತಿಂಗಳಿಗೊಮ್ಮೆ ನಿಮ್ಮ ನೆರಳನ್ನು ಅಳೆದು ಬರೆದಿಡಿರಿ. ಪರದೇಶದ ಸಲಹೆಯು ನಿಮಗೆ ಎಷ್ಟು ಹೊಂದುವುದೆಂದು ವಿಚಾರಿಸಲು ಅದೇ ಮೊದಲ ಪಾಠವಾದೀತು.